ಗರ್ಭಗುಡಿ ಸೇರಿದ ಕಂಪ್ಯೂಟರು

ದೇವರು ಒಳಗಿದ್ದಾನೆ, ನೀವು ಹೊರಗೆ ನಿಂತು ಕೈ ಮುಗೀರಿ ಎಂದು ಸಾವಿರಾರು ವರ್ಷ ಹೇಳಿಸಿಕೊಂಡ ಜನ ನಾವು. ಅಕ್ಷರವೂ ಒಳಗಿದೆ, ಕಿವಿ ಮುಚ್ಚಿಕೊಳ್ಳಿ ಎಂದರು. ಅದನ್ನೂ ಕೇಳಿಸಿಕೊಂಡೆವು. ಈಗ ಕಂಪ್ಯೂಟರೂ ಗರ್ಭಗುಡಿ ಸೇರಿದೆ.

ಇದು ಮಾತಿನ ಅಲಂಕಾರವಲ್ಲ. ಕಾವೇರಿ ದಡದ ಕೊಪ್ಪದಲ್ಲಿ ಬಸ್ಸು ಹತ್ತಿ. ಪಿರಿಯಾಪಟ್ಟಣ, ಹುಣಸೂರು ದಾಟಿ ಎಚ್.ಡಿ. ಕೋಟೆ ಕಡೆಗಾದರೂ ತಿರುಗಿ, ಕೆ.ಆರ್. ನಗರದ ಕಡೆಗಾದರೂ ತಿರುಗಿ. ಯಾವುದಾದರೂ ಸರ್ಕಾರಿ ಶಾಲೆಗೆ ಹೋಗಿ ಕಂಪ್ಯೂಟರ್ ಕೋಣೆ ಎಲ್ಲಿ ಎಂದು ಕೇಳಿ. ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳಲಾರೆ. ಆದರೆ ನಾನು ಹೇಳುವ ಚಿತ್ರ ನೋಡಿಯೇ ಇಲ್ಲ ಎನ್ನುವ ಮೇಷ್ಟ್ರು ಅಪರೂಪ. ಕಬ್ಬಿಣದ ಬಾಗಿಲು. ಅದಕ್ಕೊಂದು ದಪ್ಪ ಬೀಗ. ಹೊಸ್ತಿಲಾಚೆ ಚಪ್ಪಲಿ ಬಿಡಬೇಕೆಂಬ ಬೋರ್ಡು. ಒಳಗೆ ಬಟ್ಟೆ ಹೊದ್ದು ಕೂತ ಯಂತ್ರಗಳು, ಅವುಗಳ ಹಣೆಯ ಮೇಲೆ ಹೋದ ಆಯುಧಪೂಜೆಯ ಕುಂಕುಮ. ಬೀಗದ ಕೈ ಹೆಡ್ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ. ಇದು ಗರ್ಭಗುಡಿ ಅಲ್ಲದಿದ್ದರೆ ಇನ್ನೇನು?

ಹೆಡ್ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಅವರನ್ನು ಕೇಳಿ ನೋಡಿ. "ಕೆಟ್ಟೋದ್ರೆ ಯಾರ್ ಸಾ ಜವಾಬ್ದಾರಿ? ಸ್ಟಾಕ್ ರಿಜಿಸ್ಟರಲ್ಲಿ ನನ್ ಸೈನ್ ಅದೆ" ಎನ್ನುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಮುಟ್ಟದೆ ಇಟ್ಟ ಯಂತ್ರ ಗೆದ್ದಲು ಹಿಡಿದರೆ ಯಾರೂ ಕೇಳುವುದಿಲ್ಲ. ಮಕ್ಕಳು ಮುಟ್ಟಿ ಕೆಟ್ಟರೆ ಆಡಿಟ್‌ನವನು ಕೇಳುತ್ತಾನೆ. ಮುಟ್ಟಿದರೆ ಕೆಡುತ್ತದೆ ಎನ್ನುವ ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವಲ್ಲವೇ? ಬಾವಿಯ ಹತ್ತಿರ ಕೇಳಿದ್ದೇವೆ. ಹೋಟೆಲಿನ ಲೋಟದ ಹತ್ತಿರ ಕೇಳಿದ್ದೇವೆ.

ವಾರಕ್ಕೊಂದು ದಿನ ಬಾಗಿಲು ತೆಗೆದರೂ ಕತೆ ಮುಗಿಯುವುದಿಲ್ಲ. ಕೆಲಸ ಮಾಡುವ ಯಂತ್ರ ನಾಲ್ಕೋ ಐದೋ ಇರುತ್ತವೆ. ಒಂದೊಂದಕ್ಕೆ ಎಂಟು ಹೈಕಳು ಮುತ್ತುತ್ತಾರೆ. ಮೌಸು ಯಾರ ಕೈಗೆ ಸಿಗುತ್ತದೆ? ಮನೆಯಲ್ಲಿ ಮೊದಲೇ ಫೋನು ತಿಕ್ಕಿ ಅಭ್ಯಾಸವಿರುವವನಿಗೆ, ಅಂಗಡಿಯವರ ಮಗನಿಗೆ, ಗೌಡರ ಮನೆಯವನಿಗೆ. ಹಾಡಿಯಿಂದ ಬಂದ ಹುಡುಗಿ ಏಳನೆಯವಳಾಗಿ ಹೆಗಲುಗಳ ಸಂದಿಯಿಂದ ಇಣುಕುತ್ತಾಳೆ. ರಿಜಿಸ್ಟರಿನಲ್ಲಿ ಮಾತ್ರ ಎಂಟೂ ಜನ ಕಂಪ್ಯೂಟರ್ ಕಲಿತವರು.

ಗೆಳೆಯರೇ, ಪಾಠದ ಸಾಧನ ಯಾವತ್ತೂ ನಿರುಪದ್ರವಿಯಾಗಿರಲಿಲ್ಲ. ಕಪ್ಪು ಹಲಗೆಯೂ ಒಂದು ಕಾಲದ ಯಂತ್ರವೇ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಓದುತ್ತಿದ್ದಾಗ ಮೇಷ್ಟ್ರು ಅವರನ್ನು ಲೆಕ್ಕ ಬಿಡಿಸಲು ಹಲಗೆಯ ಬಳಿಗೆ ಕರೆದರು. ತರಗತಿಯಲ್ಲಿ ಗದ್ದಲವೆದ್ದಿತು. ಮೇಲ್ಜಾತಿ ಹುಡುಗರ ಊಟದ ಡಬ್ಬಿಗಳು ಆ ಹಲಗೆಯ ಹಿಂದಿದ್ದವು. ಹುಡುಗರು ಓಡಿಹೋಗಿ ಡಬ್ಬಿಗಳನ್ನು ಎತ್ತಿಕೊಂಡ ಮೇಲೆಯೇ ಆ ಬಾಲಕ ಸೀಮೆಸುಣ್ಣ ಹಿಡಿದದ್ದು. ಹಲಗೆ ಮರದ್ದು, ಅದಕ್ಕೆ ಜಾತಿಯಿರಲಿಲ್ಲ. ಜಾತಿ ಇದ್ದದ್ದು ಹಲಗೆಯವರೆಗಿನ ದಾರಿಯಲ್ಲಿ. ಇವತ್ತಿನ ಸ್ಮಾರ್ಟ್ ಬೋರ್ಡು, ಟ್ಯಾಬು, ಆ್ಯಪುಗಳನ್ನೂ ಈ ಒಂದೇ ಪ್ರಶ್ನೆಯಿಂದ ಅಳೆಯಬೇಕು. ಯಂತ್ರ ಎಷ್ಟು ಹೊಸದು ಎನ್ನುವುದು ಮುಖ್ಯವಲ್ಲ. ಅದರವರೆಗೆ ದಾರಿ ಯಾರಿಗಿದೆ, ಅದರೊಳಗಿನ ಪಾಠ ಬರೆಯುವ ಕೈ ಯಾರದು ಎನ್ನುವುದೇ ಮುಖ್ಯ.

ನಮ್ಮ ರಾಜ್ಯದ ಚರಿತ್ರೆಯನ್ನೇ ನೋಡಿ. 2001ರಲ್ಲಿ ಮಾಹಿತಿ ಸಿಂಧು ಬಂತು. ಸಾವಿರ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರು ಎಂದರು. ಕೊಡುವ, ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಕಂಪನಿಯ ಕಡೆಯ ಹುಡುಗ ಬಂದು ಪಾಠ ಮಾಡಿದ. ಶಾಲೆಯ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರು ಬಾಗಿಲ ಹೊರಗೇ ಉಳಿದರು. ಗುತ್ತಿಗೆಯ ಅವಧಿ ಮುಗಿದಾಗ ಕಲಿಸುವವನೂ ಹೋದ. ಅದೇ 2001ರಲ್ಲಿ ಪಕ್ಕದ ಕೇರಳ ಐಟಿ ಅಟ್ ಸ್ಕೂಲ್ ಶುರು ಮಾಡಿತು. ಅವರು ತಮ್ಮ ಶಾಲೆಯ ಮೇಷ್ಟ್ರಿಗೇ ತರಬೇತಿ ಕೊಟ್ಟರು. ಮುಂದೆ ಯಾರಿಗೂ ಲೈಸೆನ್ಸ್ ಶುಲ್ಕ ಕಟ್ಟಬೇಕಿಲ್ಲದ ಸ್ವತಂತ್ರ ತಂತ್ರಾಂಶಕ್ಕೆ ಬದಲಾದರು. ನಡುವೆ ಇರುವುದು ಒಂದು ಕಾಡು, ಒಂದು ಗಡಿ. ಎಚ್.ಡಿ. ಕೋಟೆಯ ಬಾವಲಿ ದಾಟಿದರೆ ವಯನಾಡು. ಅಲ್ಲಿ ಆದದ್ದು ಇಲ್ಲಿ ಯಾಕಾಗಲಿಲ್ಲ? ಅಲ್ಲಿ ಮೇಷ್ಟ್ರನ್ನು ನಂಬಿದರು, ಇಲ್ಲಿ ಗುತ್ತಿಗೆದಾರನನ್ನು ನಂಬಿದರು.

2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಎಂಬ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೇ ಅದರ ಪ್ರಯೋಗಭೂಮಿ. ಆಕಾಶದಿಂದ ಪಾಠ ಸುರಿಯಿತು. ಕೆಳಗಿನ ಮಗು ಪ್ರಶ್ನೆ ಕೇಳಿದರೆ ಆಕಾಶಕ್ಕೆ ಕೇಳಿಸುತ್ತಿತ್ತೇ? 2010ರ ಹೊತ್ತಿಗೆ ಉಪಗ್ರಹದ ಆಯಸ್ಸು ಮುಗಿಯಿತು. 2017ರ ಶಿಕ್ಷಕರ ದಿನದಂದು ದೀಕ್ಷಾ ಬಂತು. ಪಠ್ಯಪುಸ್ತಕದ ಪಾಠಗಳ ಪಕ್ಕದಲ್ಲಿ ಕಪ್ಪು ಚುಕ್ಕಿಯ ಚೌಕಗಳು ಬಂದವು. ಆ ಚೌಕಕ್ಕೆ ಫೋನು ಹಿಡಿದರೆ ಪಾಠ ತೆರೆಯುತ್ತದೆ. ಒಳ್ಳೆಯದು. ಹಿಡಿಯಲು ಫೋನು? ತೆರೆಯಲು ನೆಟ್ಟು? ಅದೇ 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆ ನೂರಕ್ಕೆ 15ರಷ್ಟು, ಕಂಪ್ಯೂಟರ್ ಇದ್ದ ಮನೆ ನೂರಕ್ಕೆ ನಾಲ್ಕು ಚಿಲ್ಲರೆ. ಉಳಿದವರ ಪಾಲಿಗೆ ಆ ಚೌಕ ಮುಚ್ಚಿದ ಕಿಟಕಿಯೇ ಆಗಿತ್ತು.

ಆಮೇಲೆ ಕೊರೋನ ಬಂತು. ಮುಚ್ಚಿಟ್ಟದ್ದೆಲ್ಲ ಬಯಲಿಗೆ ಬಿತ್ತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ನಿಷೇಧಿಸಿತು. ಜುಲೈ 8ರಂದು ಹೈಕೋರ್ಟು ನಿಷೇಧಕ್ಕೆ ತಡೆ ಕೊಟ್ಟಿತು. ಪಟ್ಟಣದ ಕಾನ್ವೆಂಟುಗಳು ಫೋನಿನಲ್ಲಿ ಪಾಠ ಮಾಡಿ ಫೀಸು ಎಣಿಸಿದವು. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಅದರ ಆದೇಶ ಮಕ್ಕಳನ್ನು ಮೂರು ಗುಂಪು ಮಾಡಿತು. ಏನೂ ಇಲ್ಲದವರು ಒಂದು, ಬರೀ ಮಾತಾಡುವ ಫೋನು ಇದ್ದವರು ಒಂದು, ನೆಟ್ಟಿರುವ ಸ್ಮಾರ್ಟ್ ಫೋನು ಇದ್ದವರು ಒಂದು. ಮನುವಿಗೂ ತೋಚದ ವರ್ಣಭೇದ ಇದು. ಆದರೂ ಹೇಳಲೇಬೇಕಾದ ಮಾತೊಂದಿದೆ. ಆ ದಿನಗಳಲ್ಲಿ ಏನೂ ಇಲ್ಲದ ಗುಂಪಿನ ಹತ್ತಿರಕ್ಕೆ ಹೋದದ್ದು ಯಾವ ಆ್ಯಪೂ ಅಲ್ಲ, ನಮ್ಮ ಹಳ್ಳಿ ಮೇಷ್ಟ್ರು, ಟೀಚರಮ್ಮಂದಿರು. ಮರದ ಕೆಳಗೆ, ಜಗಲಿಯ ಮೇಲೆ, ಜೀವ ಕೈಯಲ್ಲಿ ಹಿಡಿದು ಪಾಠ ಮಾಡಿದರು. ಕೆಲವರು ಸೋಂಕು ತಗುಲಿ ಸತ್ತರು. ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ದೇವಸ್ಥಾನದ ಜಗಲಿಯಲ್ಲಿ ಪಾಠ ಎಂದಾಗ ಕೇರಿಯ ಮಕ್ಕಳು ಎಲ್ಲಿ ಕೂತರು ಎಂದು ಯಾವ ಅಧಿಕಾರಿಯಾದರೂ ಕೇಳಿದನೇ?

ನಾನು ಹೊಗಳಿದ ಕೇರಳದಲ್ಲೂ ನೆತ್ತರು ಹರಿದಿದೆ. 2020ರ ಜೂನ್ 1, ಟೀವಿ ಪಾಠ ಶುರುವಾದ ಮೊದಲ ದಿನ. ಮಲಪ್ಪುರಂ ಜಿಲ್ಲೆಯ ಒಬ್ಬ ದಲಿತ ಹುಡುಗಿ ಪ್ರಾಣ ಕಳೆದುಕೊಂಡಳು. ಮನೆಯ ಟೀವಿ ಕೆಟ್ಟಿತ್ತು, ಸ್ಮಾರ್ಟ್ ಫೋನು ಇರಲಿಲ್ಲ. ಚೆನ್ನಾಗಿ ಓದುವ ಮಗು. ತನ್ನನ್ನು ಬಿಟ್ಟು ತರಗತಿ ಮುಂದೆ ಹೋಯಿತು ಎಂಬ ಒಂದೇ ಸಂಗತಿ ಆ ಮಗುವಿನ ಎದೆ ಒಡೆಯಿತು. ಎಷ್ಟು ಒಳ್ಳೆಯ ಯೋಜನೆಯಾದರೂ ಕಟ್ಟಕಡೆಯ ಮನೆಯಿಂದ ಲೆಕ್ಕ ಶುರು ಮಾಡದಿದ್ದರೆ ಅದು ಕೊಲ್ಲುತ್ತದೆ.

ಈಗ ನಮ್ಮವರಲ್ಲೇ ಎರಡು ಮಾತು ಕೇಳುತ್ತಿವೆ. ಎರಡಕ್ಕೂ ಉತ್ತರ ಹೇಳಬೇಕು.

ಒಂದು: "ಬುಡಿ ಸಾ, ನಮ್ ಹೈಕಳ್ಗೆ ಕಂಪೂಟ್ರು ಯಾಕೆ? ಮೊದ್ಲು ಓದಾಕ್ ಬರ್ಲಿ." ಈ ಮಾತು ನಮ್ಮ ಬಾಯಿಂದ ಬಂದರೂ ನಮ್ಮದಲ್ಲ. ನಿಮಗೆ ಇಂಗ್ಲಿಷ್ ಯಾಕೆ, ನಿಮಗೆ ಕಾಲೇಜು ಯಾಕೆ ಎಂದು ಕೇಳಿದವರ ಮಾತು. ಪಡಿತರ, ಪಿಂಚಣಿ, ಪಹಣಿ, ಜಾತಿ ಸರ್ಟಿಫಿಕೇಟು ಎಲ್ಲ ಕಂಪ್ಯೂಟರಿನೊಳಗೆ ಹೋಗಿ ಕೂತಿವೆ. ನಮ್ಮ ಅಪ್ಪಂದಿರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಜಮೀನು ಬರೆಸಿಕೊಂಡರು. ಈಗ ಅದೇ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿಸಿಕೊಳ್ಳುತ್ತಾರೆ. ಗಾಜಿನ ಹಿಂದೆ ಏನು ನಡೆಯುತ್ತದೆ ಎಂದು ತಿಳಿಯದ ಮಗು ಎಸ್ಸೆಸ್ಸೆಲ್ಸಿ ಪಾಸಾದರೂ ಹೆಬ್ಬೆಟ್ಟೇ.

ಎರಡು: ಆ್ಯಪು ಬಂದರೆ ಜಾತಿ ಹೋಗುತ್ತದೆ, ಹಾಡಿಯ ಮಗುವೂ ಬೆಂಗಳೂರಿನ ಮಗುವೂ ಒಂದೇ ಪಾಠ ಕೇಳುತ್ತವೆ ಎನ್ನುವವರು. ಇವರು ಕಂಪನಿಗಳ ಜಾಹೀರಾತು ನಂಬಿದವರು. 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೈಜೂಸ್ ಕಂಪನಿ 2024ರ ಜುಲೈ ಹೊತ್ತಿಗೆ ದಿವಾಳಿಯ ನ್ಯಾಯಮಂಡಳಿ ಮುಂದೆ ನಿಂತಿತು. ಮಾರುವವನ ಅಂಗಡಿ ಮುಚ್ಚಿದರೆ ಪಾಠವೂ ಮುಚ್ಚುತ್ತದೆ. ಸರ್ಕಾರದ ಆ್ಯಪಾದರೆ ಸಾಕೇ? 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳ ಕಲಿಕೆಯ ಆ್ಯಪುಗಳನ್ನು ಪರೀಕ್ಷಿಸಿತು. ಮಗು ಎಲ್ಲಿದೆ ಎಂಬ ಗುರುತನ್ನೂ ಸಂಗ್ರಹಿಸಬಲ್ಲ ಆ್ಯಪುಗಳ ಪಟ್ಟಿಯಲ್ಲಿ ನಮ್ಮ ದೀಕ್ಷಾ ಕೂಡ ಇತ್ತು. ಮಗು ಪಾಠ ನೋಡುತ್ತಿದ್ದರೆ ಪಾಠ ಮಗುವನ್ನು ನೋಡುತ್ತಿದೆ.

ಹಾಗಾದರೆ ದಾರಿ ಯಾವುದು? ದಾರಿ ಹುಡುಕಲು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ. ಎಚ್.ಡಿ. ಕೋಟೆಗೆ ಹೋದರೆ ಸಾಕು.

1995ರಲ್ಲಿ ಈ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಕೆಲವು ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಬಂದವರು ತಾವೇ ಕೂತು ಪಠ್ಯಪುಸ್ತಕವನ್ನು ಬಿಚ್ಚಿ ಸಣ್ಣ ಸಣ್ಣ ಕಾರ್ಡು ಮಾಡಿದರು. ಹಾಡು, ಕತೆ, ಆಟ ಸೇರಿಸಿದರು. ಗೋಡೆಗೆ ಕಲಿಕೆಯ ಏಣಿ ಅಂಟಿಸಿದರು. ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು ತನ್ನ ಕಾರ್ಡು ತಾನೇ ಎತ್ತಿಕೊಳ್ಳಬೇಕು. ಇದೇ ನಲಿ-ಕಲಿ. ಇಡೀ ರಾಜ್ಯಕ್ಕೆ ಹಬ್ಬಿದ ಈ ವಿದ್ಯೆ ಹುಟ್ಟಿದ್ದು ನಮ್ಮ ಕಾಡಂಚಿನ ತಾಲ್ಲೂಕಿನಲ್ಲಿ.

ಅದರ ಒಳಗುಟ್ಟನ್ನು ಗಮನಿಸಿ. ಅಪ್ಪ ಅವ್ವನ ಜತೆ ಕೊಡಗಿನ ಕಾಫಿ ತೋಟದ ಲೈನ್ ಮನೆಗೆ ಹೋದ ಜೇನುಕುರುಬರ ಮಗು ತಿಂಗಳು ಬಿಟ್ಟು ಬರುತ್ತದೆ. ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಮಗು ಬ್ಯಾರನ್ ಮುಂದೆ ಸೊಪ್ಪು ಕಟ್ಟಲು ಕೂರುತ್ತದೆ. ಹಳೇ ತರಗತಿಯಲ್ಲಿ ಆ ಮಗು ವಾಪಸು ಬಂದ ದಿನವೇ ದಡ್ಡ. ಪಾಠ ಮುಂದೆ ಹೋಗಿರುತ್ತದೆ. ಕಾರ್ಡಿನ ತರಗತಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಇನ್ನೊಂದು ಸಂಗತಿ. ಆ ಕೋಣೆಯಲ್ಲಿ ಕಪ್ಪು ಹಲಗೆಯನ್ನು ಗೋಡೆಯ ಬುಡದಲ್ಲಿ, ಕೂತ ಮಗುವಿನ ಕೈಗೆ ಎಟಕುವಂತೆ ಬಳಿದರು. ಒಬ್ಬೊಬ್ಬರಿಗೆ ಒಂದೊಂದು ಭಾಗ. ಎಲ್ಫಿನ್‌ಸ್ಟನ್ ಶಾಲೆಯಲ್ಲಿ ಡಬ್ಬಿ ಎತ್ತಿದ ಮೇಲೆ ಸಿಕ್ಕಿದ ಹಲಗೆ ಇಲ್ಲಿ ಯಾರನ್ನೂ ಕೇಳದೆ ಸಿಕ್ಕಿತು. ತಂತ್ರಜ್ಞಾನ ಎಂದರೆ ಇದು. ಕರೆಂಟು ಬೇಡ, ಸಿಗ್ನಲ್ ಬೇಡ, ಮಗುವಿನ ಬದುಕಿನ ಲೆಕ್ಕ ಇಟ್ಟುಕೊಂಡ ಸಾಧನ.

ಆಮೇಲೆ ಏನಾಯಿತು? 2009–10ರಿಂದ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ನಲಿ-ಕಲಿ ಹೋಯಿತು. ಕಾರ್ಡುಗಳು ಮೇಲಿಂದ ಅಚ್ಚಾಗಿ ಬಂದವು. ತಾನು ಮಾಡದ ಕಾರ್ಡನ್ನು ಮೇಷ್ಟ್ರು ಹಂಚತೊಡಗಿದರು. ಪೆಟ್ಟಿಗೆ ಎಲ್ಲ ಊರಿಗೂ ಮುಟ್ಟಿತು, ಮಾಡುವ ಹಕ್ಕು ಮುಟ್ಟಲಿಲ್ಲ. ಕಾರ್ಡಿಗೆ ಆದದ್ದೇ ಆ್ಯಪಿಗೂ ಆಗುತ್ತಿದೆ.

ಆದರೂ ಬೆಳಕಿನ ಕಿಂಡಿಗಳಿವೆ. 2011ರ ಸುಮಾರಿಗೆ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ಇಲಾಖೆಯ ಡಿ.ಎಸ್.ಇ.ಆರ್.ಟಿ. ಸೇರಿ ಹೈಸ್ಕೂಲು ಶಿಕ್ಷಕರ ವಿಷಯವಾರು ವೇದಿಕೆ ಕಟ್ಟಿದವು. ಗಣಿತದವರು ಗಣಿತದವರ ಜತೆ ಮಾತಾಡಿದರು, ಪಾಠ ತಯಾರಿಸಿ ಹಂಚಿಕೊಂಡರು. ಅದರಿಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಕಣಜ ಹುಟ್ಟಿತು. ಅಲ್ಲಿ ಮೇಷ್ಟ್ರು ಬರೀ ಗಿರಾಕಿಯಲ್ಲ, ಬರೆಯುವವರು. ಕೊಪ್ಪದ ಪಕ್ಕದ ಬೈಲಕುಪ್ಪೆಯನ್ನೂ ನೋಡಿ. ದೇಶ ಕಳೆದುಕೊಂಡು 1960ರ ದಶಕದಲ್ಲಿ ಇಲ್ಲಿಗೆ ಬಂದ ಟಿಬೆಟಿಯನ್ನರು ಮುಂದೆ ತಮ್ಮ ಪ್ರಾಥಮಿಕ ಶಾಲೆಗಳನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು. ತಮ್ಮ ಪಠ್ಯ ತಾವೇ ಮಾಡಿಕೊಂಡರು. ನಿರಾಶ್ರಿತರು ಬಿಡದ ಹಕ್ಕನ್ನು ಈ ನೆಲದಲ್ಲೇ ಹುಟ್ಟಿದ ನಾವು ಯಾಕೆ ಬಿಟ್ಟುಕೊಡಬೇಕು?

ಆದ್ದರಿಂದ ಶಿಕ್ಷಕ ಬಂಧುಗಳೇ, ನಿಮ್ಮ ಶಾಲೆಗೆ ಯಾವ ಸಾಧನ ಬಂದರೂ ಒಳಗೆ ಬಿಡುವ ಮುಂಚೆ ಐದು ಪ್ರಶ್ನೆ ಕೇಳಿ.

ಒಂದು, ನೆಟ್ಟಿಲ್ಲದೆ ನಡೆಯುತ್ತದೆಯೇ? ಸಿಗ್ನಲ್ ಇಲ್ಲದ ಹಾಡಿಯಲ್ಲಿ ನಡೆಯದ್ದು ನಮಗೆ ಮೊದಲ ಸಾಧನವಾಗಲಾರದು.

ಎರಡು, ಕನ್ನಡದಲ್ಲಿದೆಯೇ? ಇದ್ದರೆ ಅದನ್ನು ತಿದ್ದಿ ನಮ್ಮ ಮಕ್ಕಳ ಮಾತು ಸೇರಿಸಲು ಬರುತ್ತದೆಯೇ?

ಮೂರು, ದುಡ್ಡಿಲ್ಲದೆ ನಕಲು ಮಾಡಿ ಪಕ್ಕದ ಶಾಲೆಗೆ ಕೊಡಬಹುದೇ? ವಿದ್ಯೆ ಹಂಚಿದರೆ ಕಳ್ಳತನ ಎನ್ನುವ ಕಾನೂನಿನ ಸಾಧನ ನಮಗೆ ಬೇಡ.

ನಾಲ್ಕು, ಮಗುವಿನ ಹೆಸರು, ಮುಖ, ಊರು ಯಾರ ಕೈ ಸೇರುತ್ತದೆ?

ಐದು, ಮಗು ಇದರಲ್ಲಿ ಏನಾದರೂ ಮಾಡುತ್ತದೆಯೇ, ಅಥವಾ ಬಾಯಿ ಬಿಟ್ಟುಕೊಂಡು ನೋಡುತ್ತದೆಯೇ?

ಈ ಜರಡಿಯಲ್ಲಿ ಉಳಿಯುವ ಕಾಳು ಬೇಕಾದಷ್ಟಿವೆ. ಉಬುಂಟು, ಲಿಬ್ರೆ ಆಫೀಸ್ ಹಳೇ ಯಂತ್ರದಲ್ಲೂ ಓಡುತ್ತವೆ, ಲೈಸೆನ್ಸಿನ ದುಡ್ಡಿಲ್ಲ. ರೇಖಾಗಣಿತಕ್ಕೆ ಜಿಯೋಜೆಬ್ರಾ ಇದೆ. ತ್ರಿಕೋನದ ಮೂಲೆ ಹಿಡಿದು ಮಗು ಎಳೆದರೆ ಆಕಾರ ಬದಲಾಗುತ್ತದೆ, ಮೂರು ಕೋನದ ಮೊತ್ತ 180 ಡಿಗ್ರಿಯೇ ಉಳಿಯುತ್ತದೆ. ಪ್ರಮೇಯವನ್ನು ಉರು ಹೊಡೆಯುವ ಬದಲು ಕಣ್ಣಾರೆ ಕಾಣುತ್ತದೆ. ವಿಜ್ಞಾನಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳಿವೆ. ಅವುಗಳಲ್ಲಿ ಹಲವು ಕನ್ನಡದಲ್ಲೂ ಸಿಗುತ್ತವೆ. ಪಟ್ಟಣಕ್ಕೆ ಹೋದಾಗ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರೆ ನೆಟ್ಟಿಲ್ಲದೆ ನಡೆಯುತ್ತವೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನೇ ಒಂದು ಸಣ್ಣ ಕಾರ್ಡಿನೊಳಗೆ ಇಟ್ಟುಕೊಂಡು ಹಾಡಿಗೆ ಹೋಗಬಹುದು.

ಏನೂ ಇಲ್ಲ, ನನ್ನ ಹತ್ತಿರ ಒಂದು ಫೋನು ಮಾತ್ರ ಇದೆ ಎನ್ನುವ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರೇ, ಅದು ಸಾಕು. ಅದರಲ್ಲಿ ಧ್ವನಿ ಹಿಡಿಯಬಹುದು. ಹಾಡಿಯ ಅಜ್ಜಿಯಿಂದ ಜೇನಿನ ಕತೆ ಹೇಳಿಸಿ, ಅವರದೇ ಮಾತಿನಲ್ಲಿ. ಮರುದಿನ ತರಗತಿಯಲ್ಲಿ ಕೇಳಿಸಿ ಬರೆಸಿ. ಪಠ್ಯಪುಸ್ತಕದ ಕನ್ನಡ ಕೇಳಿ ಕಲ್ಲಾಗಿ ಕೂತಿದ್ದ ಮಗು ತನ್ನ ಅಜ್ಜಿಯ ಧ್ವನಿ ಕೇಳಿ ಬಾಯಿ ಬಿಡುತ್ತದೆ. ಬ್ಯಾರನ್‌ಗೆ ಎಷ್ಟು ಸೌದೆ ಹೋಯಿತು, ಕಂಪಲಾಪುರದ ಹರಾಜಿನಲ್ಲಿ ಯಾವ ಗ್ರೇಡಿಗೆ ಎಷ್ಟು ಬೆಲೆ ಬಂತು, ಸೊಪ್ಪು ಕಟ್ಟಿದ ಅವ್ವನಿಗೆ ಎಷ್ಟು ಕೂಲಿ ಸಿಕ್ಕಿತು ಎಂದು ಮಕ್ಕಳೇ ಲೆಕ್ಕದ ಹಾಳೆಗೆ ಹಾಕಲಿ. ಶೇಕಡಾ ಲೆಕ್ಕವೂ ಬರುತ್ತದೆ, ಲೋಕದ ಲೆಕ್ಕವೂ ಬರುತ್ತದೆ.

ನಕ್ಷೆ ತೆರೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಕನ್ನಡದಲ್ಲೇ ಹೆಸರು ಬರೆಯಬಹುದು. ರೆಸಾರ್ಟುಗಳ ಹೆಸರಿದೆಯೇ, ನಮ್ಮ ಹಾಡಿಯ ಹೆಸರಿದೆಯೇ ಎಂದು ಮಕ್ಕಳು ಹುಡುಕಲಿ. ಇಲ್ಲದಿದ್ದರೆ ಅವರೇ ಬರೆಯಲಿ. ಕಬಿನಿ ಹಿನ್ನೀರಿನ ನೀಲಿಯನ್ನು ತೋರಿಸಿ ಅದರ ಕೆಳಗೆ ಯಾರ ಊರುಗಳಿದ್ದವು ಎಂದು ಕೇಳಿ. ನಾಗರಹೊಳೆಯ ಹಸಿರನ್ನು ತೋರಿಸಿ, ತಾತನ ಹಾಡಿ ಎಲ್ಲಿತ್ತು, ಹುಣಸೂರಿನ ನಾಗಾಪುರಕ್ಕೆ ಯಾಕೆ ಬಂದಿರಿ ಎಂದು ಮನೆಯಲ್ಲಿ ಕೇಳಿ ಬರಲು ಹೇಳಿ. ಆ ಪಾಠ ಯಾವ ಕಂಪನಿಯ ಆ್ಯಪಿನಲ್ಲೂ ಸಿಗುವುದಿಲ್ಲ. ಸಿಗಬಾರದು ಎಂದೇ ಅವರ ಆಸೆ.

ಇದನ್ನೆಲ್ಲ ಮಾಡಲು ಮೇಷ್ಟ್ರಿಗೆ ಹೊತ್ತೆಲ್ಲಿದೆ? ಇದೂ ನ್ಯಾಯವಾದ ಪ್ರಶ್ನೆ. ಮಕ್ಕಳ ಹಾಜರಿ, ಹಾಲು, ಮೊಟ್ಟೆ, ಅಂಕ, ಆಧಾರ್ ಎಲ್ಲವನ್ನೂ ಎಸ್.ಎ.ಟಿ.ಎಸ್.ಗೆ, ಯು-ಡೈಸ್‌ಗೆ ತುಂಬುತ್ತಾ ಕೂತ ಮೇಷ್ಟ್ರು ಗುಮಾಸ್ತರಾಗಿದ್ದಾರೆ. ಇಲಾಖೆಗೆ ಡಿಜಿಟಲ್ ಬೇಕಾದದ್ದು ಮಗು ಕಲಿಯಲಿ ಎಂದಲ್ಲ, ಮೇಷ್ಟ್ರ ಮೇಲೆ ಕಣ್ಣಿಡಲಿಕ್ಕೆ. ಅಂಕಿ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಏನೂ ಬರುವುದಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಯಂತ್ರದ ಭಿಕ್ಷೆಯಲ್ಲ. ಮಕ್ಕಳು ಬಳಸಿ ಕೆಟ್ಟ ಯಂತ್ರಕ್ಕೆ ಮೇಷ್ಟ್ರನ್ನು ಹೊಣೆ ಮಾಡಬಾರದು ಎಂದು ಇಲಾಖೆ ಬರೆದು ಕೊಡಲಿ. ತಾಲ್ಲೂಕಿಗೊಬ್ಬ ರಿಪೇರಿಯವನನ್ನು ನೇಮಿಸಲಿ. ಅಂಕಿ ತುಂಬುವ ಕೆಲಸಕ್ಕೆ ಬೇರೆಯವರನ್ನು ಇಡಲಿ. ಸಾರ್ವಜನಿಕ ದುಡ್ಡಿನಲ್ಲಿ ತರುವ ತಂತ್ರಾಂಶ ಎಲ್ಲರೂ ತಿದ್ದಬಹುದಾದ ಸ್ವತಂತ್ರ ತಂತ್ರಾಂಶವೇ ಆಗಿರಲಿ. ಯಾವ ಯೋಜನೆಯನ್ನಾದರೂ ಮೊದಲು ಆಶ್ರಮ ಶಾಲೆಯಲ್ಲಿ, ಕಾಡಂಚಿನ ಏಕೋಪಾಧ್ಯಾಯ ಶಾಲೆಯಲ್ಲಿ ನಡೆಸಿ ತೋರಿಸಲಿ. ಅಲ್ಲಿ ನಡೆದದ್ದು ಎಲ್ಲ ಕಡೆಯೂ ನಡೆಯುತ್ತದೆ. ಬೆಂಗಳೂರಿನಲ್ಲಿ ನಡೆದದ್ದು ಅಲ್ಲಿಗೆ ಬರುವ ದಾರಿಯಲ್ಲೇ ಸಾಯುತ್ತದೆ.

ಇಲಾಖೆ ಮಾಡುವವರೆಗೆ ಕಾಯುವುದೂ ಬೇಡ. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಬಂದಾಗ ಒಂದು ಪೆನ್‌ಡ್ರೈವ್ ತುಂಬಿಕೊಂಡು ನಿಮ್ಮ ಹಳೇ ಶಾಲೆಗೆ ಹೋಗಿ. ಸಂಘಟನೆಯ ಗೆಳೆಯರೇ, ಎಸ್‌.ಡಿ.ಎಂ.ಸಿ. ಸಭೆಯಲ್ಲಿ ಕೂತು ಕಂಪ್ಯೂಟರ್ ಕೋಣೆ ಹೋದ ತಿಂಗಳು ಎಷ್ಟು ಗಂಟೆ ತೆರೆದಿತ್ತು, ಮೌಸು ಹಿಡಿದವರು ಯಾರು, ಹಿಂದೆ ನಿಂತವರು ಯಾರು ಎಂದು ಲೆಕ್ಕ ಕೇಳಿ. ಮೇಷ್ಟ್ರುಗಳೇ, ಕುಂಕುಮ ಒರೆಸಿ, ಬಟ್ಟೆ ತೆಗೆದು, ಇವತ್ತು ಮೌಸನ್ನು ಮೊದಲು ಹಿಂದಿನ ಸಾಲಿನವಳ ಕೈಗೆ ಕೊಡಿ.

ಕೆಟ್ಟರೆ ಕೆಡಲಿ. ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು. ಇನ್ನೊಂದು ತಲೆಮಾರು ಹೊಸ್ತಿಲಾಚೆ ನಿಂತರೆ ಅದಕ್ಕೆ ರಿಪೇರಿಯಿಲ್ಲ.